ಮಾರ್ಗರೆಟ್ ಮ್ಯಾಕ್‌ಮಿಲನ್: ಶಾಲೆಯೊಳಕ್ಕೆ ವೈದ್ಯರನ್ನು ಕರೆತಂದಾಕೆ

ಹುಮನಾಬಾದ ತಾಲ್ಲೂಕಿನ ನಮ್ಮ ಹಳ್ಳಿಯ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಹುಡುಗನೊಬ್ಬನಿಗೆ ಎರಡು ಕಿವಿಗಳೂ ಸೋರುತ್ತಿದ್ದವು. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಕೇಳಿದ ಪ್ರಶ್ನೆಯೊಂದು, ಹೇಳುವ ಉತ್ತರ ಮತ್ತೊಂದು. ಮೊಂಡನೆಂದು ಬೈಸಿಕೊಂಡ, ದಡ್ಡನೆಂದು ಏಟು ತಿಂದ. ಅವನ ಉತ್ತರಗಳಿಗೆ ತರಗತಿಯೆಲ್ಲ ನಗುತ್ತಿತ್ತು, ನಾನೂ ನಗುತ್ತಿದ್ದೆ. ನಾಲ್ಕನೆಯ ತರಗತಿಯಲ್ಲಿ ಅವನು ಶಾಲೆ ಬಿಟ್ಟು ಆಡು ಕಾಯಲು ಹೋದನು. ಅವನಿಗೆ ಕಿವಿ ಕೇಳುತ್ತಿರಲಿಲ್ಲವೆಂಬ ಸರಳವಾದ ಸಂಗತಿ ನನಗೆ ಹೊಳೆದದ್ದು ನಾನೇ ಅಧ್ಯಾಪಕನಾಗಿ ಹಲವು ವರ್ಷಗಳು ಕಳೆದ ಮೇಲೆ. ಮಾರ್ಗರೆಟ್ ಮ್ಯಾಕ್‌ಮಿಲನ್ ಎಂಬಾಕೆಯ ಜೀವನವೃತ್ತಾಂತವನ್ನು ಓದುತ್ತಿದ್ದಾಗ ಆ ಹುಡುಗನ ಮುಖ ಕಣ್ಣೆದುರಿಗೆ ಬಂದು ನಿಂತಿತು. ಆಕೆಯ ಕಥೆಯನ್ನು ನಮ್ಮ ಓದುಗರಿಗೆ, ಅದರಲ್ಲಿಯೂ ಉಪಾಧ್ಯಾಯ ಬಂಧುಗಳಿಗೆ, ಹೇಳಬೇಕೆಂದು ನನಗೆ ತೋರಿದುದು ಆಗಲೇ.

ಮಾರ್ಗರೆಟ್ 1860ರ ಜುಲೈ 20ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದಳು. ತಂದೆತಾಯಿಗಳು ಸ್ಕಾಟ್ಲೆಂಡಿನಿಂದ ವಲಸೆ ಹೋದವರು. 1865ರಲ್ಲಿ ಆ ಸಂಸಾರದ ಮೇಲೆ ಸಿಡಿಲೆರಗಿತು. ತಂದೆ ತೀರಿಕೊಂಡನು, ಎಳೆಯ ತಂಗಿಯೂ ಉಳಿಯಲಿಲ್ಲ. ಸ್ಕಾರ್ಲೆಟ್ ಜ್ವರಕ್ಕೆ ತುತ್ತಾದ ಮಾರ್ಗರೆಟ್ಟಳ ಜೀವ ಉಳಿಯಿತಾದರೂ ಕಿವಿ ಹೋಯಿತು. ವಿಧವೆಯಾದ ತಾಯಿ ಉಳಿದ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನಲ್ಲಿದ್ದ ತವರಿಗೆ ಮರಳಿದಳು. ಮಾರ್ಗರೆಟ್ಟಳಿಗೆ ಮತ್ತೆ ಕಿವಿ ಕೇಳಿಸಿದುದು 14ನೆಯ ವಯಸ್ಸಿನಲ್ಲಿ. ಶಾಲೆಯಲ್ಲಿ ಕುಳಿತೂ ಶಾಲೆಯ ಹೊರಗಿರುವುದೆಂದರೆ ಏನೆಂಬುದನ್ನು ಆಕೆ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ದೊಡ್ಡವಳಾದ ಮೇಲೆ ಯೂರೋಪಿನಲ್ಲಿ ಕೆಲಕಾಲ ವ್ಯಾಸಂಗ ಮಾಡಿ, ಅನುಕೂಲಸ್ಥರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದಳು. ಒಂದು ವರ್ಷಕ್ಕೆ ಹಿರಿಯಳಾದ ಅಕ್ಕ ರೇಚಲ್ ಆ ವೇಳೆಗೆ ಸಮಾಜವಾದದ ಕಡೆಗೆ ಒಲಿದಿದ್ದಳು. ತಂಗಿಯೂ ಅದೇ ದಾರಿ ಹಿಡಿದಳು. 1889ರಲ್ಲಿ ಲಂಡನ್ನಿನ ಹಡಗುಕಟ್ಟೆಯ ಕೂಲಿಗಾರರು ಮುಷ್ಕರ ಹೂಡಿದಾಗ ಸೋದರಿಯರಿಬ್ಬರೂ ಅವರಿಗೆ ನೆರವಾದರು. 1893ರಲ್ಲಿ ಅವರು ಉತ್ತರ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿಗೆ ಬಂದು ನೆಲೆಸಿದರು.

ಬ್ರ್ಯಾಡ್‌ಫರ್ಡ್ ಉಣ್ಣೆಯ ಗಿರಣಿಗಳ ಊರು. 11 ವರ್ಷ ತುಂಬಿದ ಮಗು ದಿನದ ಅರ್ಧಭಾಗ ಗಿರಣಿಯಲ್ಲಿ ದುಡಿದು, ಉಳಿದ ಅರ್ಧಭಾಗ ಶಾಲೆಯಲ್ಲಿ ಕೂಡಬಹುದೆಂದು ಅಂದಿನ ಕಾನೂನೇ ಒಪ್ಪಿತ್ತು. ಹಸಿದು, ದಣಿದು, ತೂಕಡಿಸುವ ಆ ಮಕ್ಕಳ ಮುಂದೆ ಉಪಾಧ್ಯಾಯರು ಲೆಕ್ಕ ಹೇಳುತ್ತಿದ್ದರು. 1894ರಲ್ಲಿ ಮಾರ್ಗರೆಟ್ ಅಲ್ಲಿನ ಶಾಲಾಮಂಡಲಿಗೆ ಚುನಾಯಿತಳಾದಳು. ಶಾಲೆಗಳ ವೈದ್ಯಾಧಿಕಾರಿಯಾಗಿದ್ದ ಡಾಕ್ಟರ್ ಜೇಮ್ಸ್ ಕೆರ್ ಆಕೆಗೆ ಜೊತೆಯಾದನು. ಇಂಗ್ಲೆಂಡಿನಲ್ಲಿ ಶಾಲಾಮಕ್ಕಳನ್ನು ವೈದ್ಯರು ಕ್ರಮವಾಗಿ ಪರೀಕ್ಷಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಇವರಿಬ್ಬರದೂ ಒಂದು. ತಿಂಗಳುಗಟ್ಟಲೆ ಮೈಮೇಲಿನ ಬಟ್ಟೆ ಬಿಚ್ಚದ ಮಕ್ಕಳು, ಹುಳುಕು ಹಲ್ಲಿನವರು, ಕಣ್ಣು ಮಂಜಾದವರು, ಕಿವಿ ಸೋರುವವರು—ಇವರೆಲ್ಲ ಅಲ್ಲಿಯವರೆಗೆ ಹಾಜರಿ ಪುಸ್ತಕದಲ್ಲಿ ಬರಿಯ ಹೆಸರುಗಳಾಗಿದ್ದರು. 1897ರಲ್ಲಿ ವಾಪಿಂಗ್ ರಸ್ತೆಯ ಶಾಲೆಯಲ್ಲಿ ಮಕ್ಕಳಿಗಾಗಿ ಸ್ನಾನಗೃಹವೇ ತೆರೆಯಿತು. ಮಗುವಿಗೆ ಎರೆಯುವುದು, ಉಣಿಸುವುದು ತಾಯಿಯ ಹೊಣೆ, ಅದಕ್ಕೆ ತೆರಿಗೆಯ ಹಣವೇಕೆ ಎಂಬುದು ಅಂದಿನವರ ಸಾಮಾನ್ಯವಾದ ಆಕ್ಷೇಪವಾಗಿತ್ತು. ಹಗಲೆಲ್ಲ ಗಿರಣಿಯಲ್ಲಿರುವ ತಾಯಿ, ನಲ್ಲಿಯೇ ಇಲ್ಲದ ಮನೆಯಲ್ಲಿ ಆ ಹೊಣೆಯನ್ನು ಹೊರುವುದು ಹೇಗೆಂಬುದು ಮಾರ್ಗರೆಟ್ಟಳ ಮರುಪ್ರಶ್ನೆ.

ಸುಮಾರು ಅದೇ ಕಾಲದಲ್ಲಿ ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದು, ಪಾಠದ ಜೊತೆಗೆ ಮಧ್ಯಾಹ್ನದ ಊಟವನ್ನೂ ಇಟ್ಟಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಕಂಡ ಸತ್ಯ ಒಂದೇ: ಹಸಿದ ಹೊಟ್ಟೆಗೆ ಅಕ್ಷರ ಇಳಿಯದು.

1902ರ ಶಿಕ್ಷಣ ಕಾನೂನು ಶಾಲಾಮಂಡಲಿಗಳನ್ನು ರದ್ದುಗೊಳಿಸಿ, ಅವುಗಳ ಅಧಿಕಾರವನ್ನು ಸ್ಥಳೀಯ ಸಭೆಗಳಿಗೆ ವಹಿಸಿತು. ಆ ಸಭೆಗಳಿಗೆ ಸ್ಪರ್ಧಿಸುವ ಹಕ್ಕು ಅಂದು ಹೆಂಗಸರಿಗಿರಲಿಲ್ಲ. ಕೈಯಲ್ಲಿದ್ದ ಸ್ಥಾನ ಹೋಯಿತು. ಮಾರ್ಗರೆಟ್ ದಕ್ಷಿಣಕ್ಕೆ, ಅಕ್ಕನ ಬಳಿಗೆ, ಹೊರಟುಹೋದಳು. ಆದರೆ ಹಿಡಿದ ಕೆಲಸವನ್ನು ಬಿಡಲಿಲ್ಲ. ಇತ್ತ ಬೋಯರ್ ಯುದ್ಧಕ್ಕೆ ಸೇರಲು ಬಂದ ತರುಣರಲ್ಲಿ ಬಹುಮಂದಿ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದುದನ್ನು ಕಂಡು ಸರಕಾರವೂ ಎಚ್ಚೆತ್ತಿತ್ತು. 1906ರಲ್ಲಿ ಶಾಲೆಯಲ್ಲಿ ಊಟ ಕೊಡಲು ಅನುಮತಿಸುವ ಕಾನೂನು ಬಂದಿತು. 1907ರ ಕಾನೂನು ಶಾಲಾಮಕ್ಕಳ ವೈದ್ಯಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಎರಡರ ಹಿಂದೆಯೂ ಈ ಸೋದರಿಯರ ಹಲವು ವರ್ಷಗಳ ಓಡಾಟವಿತ್ತು.

ಮತ್ತೊಬ್ಬರಾಗಿದ್ದರೆ ಇಲ್ಲಿಗೆ ಕೃತಾರ್ಥರಾದೆವೆಂದು ಕುಳಿತುಬಿಡುತ್ತಿದ್ದರೋ ಏನೋ. ಮಾರ್ಗರೆಟ್ಟಳ ದೃಷ್ಟಿ ಕಾನೂನಿನೊಳಗಿನ ಬಿರುಕಿನ ಮೇಲೆ ಬಿತ್ತು. ಪರೀಕ್ಷೆ ಕಡ್ಡಾಯ, ಚಿಕಿತ್ಸೆ ಮಾತ್ರ ಆಯಾ ಊರಿನವರ ಇಚ್ಛೆ. ಕಿವಿ ಸೋರುತ್ತದೆಂದು ವೈದ್ಯನು ಬರೆದುಕೊಂಡು ಹೋದರೆ ಕಿವಿ ಸೋರುವುದು ನಿಲ್ಲುವುದಿಲ್ಲ. ಅಮೆರಿಕದ ಸಾಬೂನು ವ್ಯಾಪಾರಿ ಜೋಸೆಫ್ ಫೆಲ್ಸನ ಧನಸಹಾಯದಿಂದ ಆಕೆ 1908ರಲ್ಲಿ ಲಂಡನ್ನಿನ ಬೋ ಎಂಬಲ್ಲಿ ಶಾಲಾಮಕ್ಕಳಿಗಾಗಿಯೇ ಒಂದು ಚಿಕಿತ್ಸಾಲಯವನ್ನು ತೆರೆದಳು. 1910ರಲ್ಲಿ ಅದು ಡೆಟ್‌ಫರ್ಡಿಗೆ ಬಂದಿತು. ಡೆಟ್‌ಫರ್ಡ್ ಲಂಡನ್ನಿನ ಕಡುಬಡವರ ಪೇಟೆ. ಹಲ್ಲು, ಕಣ್ಣು, ಕಿವಿ, ಚರ್ಮ—ಎಲ್ಲಕ್ಕೂ ಅಲ್ಲಿ ಚಿಕಿತ್ಸೆ ದೊರೆಯುತ್ತಿತ್ತು.

ಅಲ್ಲಿಯೂ ಒಂದು ಕಹಿಯಾದ ಅನುಭವ ಕಾದಿತ್ತು. ವಾಸಿಯಾಗಿ ಹೋದ ಮಕ್ಕಳು ಕೆಲವು ವಾರಗಳಲ್ಲಿಯೇ ಅದೇ ರೋಗ ಹೊತ್ತು ಮರಳುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಸಂಸಾರವೆಲ್ಲ ಒತ್ತೊತ್ತಾಗಿ ಮಲಗುವ ಮನೆಯೇ ರೋಗದ ಮೂಲವಾಗಿತ್ತು. 1911ರಲ್ಲಿ ಸೋದರಿಯರು ಮಕ್ಕಳನ್ನು ರಾತ್ರಿ ಬಯಲಿನಲ್ಲಿ ಮಲಗಿಸುವ ಶಿಬಿರವನ್ನು ಹೂಡಿದರು. ಬಿಸಿನೀರು, ಒಳ್ಳೆಯ ಗಾಳಿ, ನಿದ್ರೆ—ಇಷ್ಟರಿಂದಲೇ ಮಕ್ಕಳು ಚೇತರಿಸಿಕೊಂಡರು. ಶಾಲೆಗೆ ಬರುವ ಮುಂಚೆಯೇ ಮಗುವಿನ ಮೈ ಕೆಟ್ಟಿರುತ್ತದೆಂಬುದನ್ನು ಮನಗಂಡು, 1914ರಲ್ಲಿ ಎಳೆಯ ಮಕ್ಕಳಿಗಾಗಿ ಬಯಲು ಶಿಶುವಿಹಾರವನ್ನು ಆರಂಭಿಸಿದರು. ತೋಟದ ನಡುವೆ ತೆರೆದ ಚಾವಡಿಗಳು. ಊಟ, ಸ್ನಾನ, ಆಟ, ನಿದ್ರೆ ಇವೇ ಅಲ್ಲಿನ ಪಾಠಗಳು.

ಯುದ್ಧದ ನಡುವೆ, 1917ರ ಮಾರ್ಚ್ 25ರಂದು, ತನ್ನ ಹುಟ್ಟಿದ ದಿನದಂದೇ ರೇಚಲ್ ತೀರಿಕೊಂಡಳು. ಮುಂದಿನ ಹದಿನಾಲ್ಕು ವರ್ಷಗಳನ್ನು ತಂಗಿ ಒಂಟಿಯಾಗಿ, ಆದರೆ ಅಕ್ಕನ ಹೆಸರಿನಲ್ಲಿಯೇ ನಡೆಸಿದಳು. 1918ರ ಕಾನೂನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಚಿಕಿತ್ಸೆಯನ್ನೂ ಕರ್ತವ್ಯವನ್ನಾಗಿ ಮಾಡಿತು. ಶಿಶುವಿಹಾರದ ಉಪಾಧ್ಯಾಯಿನಿಯರನ್ನು ತರಬೇತುಗೊಳಿಸುವ ಕಾಲೇಜು 1930ರಲ್ಲಿ ಡೆಟ್‌ಫರ್ಡಿನಲ್ಲಿ ತೆರೆದಾಗ ಅದಕ್ಕೆ ಮಾರ್ಗರೆಟ್ ಇಟ್ಟ ಹೆಸರು ರೇಚಲ್ಲಳದು. ಮರುವರ್ಷದ ಮಾರ್ಚಿನಲ್ಲಿ ಆಕೆಯೂ ಕಣ್ಮುಚ್ಚಿದಳು. 1944ರ ಶಿಕ್ಷಣ ಕಾನೂನಿನ ತರುವಾಯ ಇಂಗ್ಲೆಂಡಿನ ಊರೂರಿನ ಶಾಲಾ ಆರೋಗ್ಯ ಸೇವೆ ವಿಸ್ತಾರವಾಗಿ ಬೆಳೆಯಿತು. ಅದರ ಬುನಾದಿಯ ಕಲ್ಲುಗಳಲ್ಲಿ ಈ ಇಬ್ಬರ ಬಾಳೂ ಸೇರಿದೆ.

ದಾಸೋಹವೆಂಬ ಮಾತಿಗೆ ಹನ್ನೆರಡನೆಯ ಶತಮಾನದಲ್ಲಿ ಜೀವ ತುಂಬಿದ ಕಲ್ಯಾಣ ನಮ್ಮ ನೆರೆಯ ಬಸವಕಲ್ಯಾಣವೇ. 2002ರಲ್ಲಿ ಶಾಲೆಗಳ ಬಿಸಿಯೂಟ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟು, ಅದನ್ನು ಮೊದಲು ಜಾರಿಗೆ ತಂದ ಜಿಲ್ಲೆಗಳಲ್ಲಿ ನಮ್ಮ ಬೀದರವೂ ಒಂದೆಂಬುದು ಉಚಿತವೇ ಆಗಿದೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಗಿ, ವೈದ್ಯರ ತಂಡಗಳು ಶಾಲೆಗಳಿಗೂ ಅಂಗನವಾಡಿಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಾಯಿತು. ನನ್ನ ಬಾಲ್ಯದ ಗೆಳೆಯನಿಗೆ ಇವೆರಡೂ ತಡವಾಗಿ ಬಂದವು.

ಕಳೆದ ತೊಗರಿ ರಾಶಿಯ ದಿನಗಳಲ್ಲಿ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಅಣ್ಣಾ ಎಂದು ಕರೆದು, ಸೆರಗಿನ ಗಂಟಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು, ಇದರಲ್ಲಿ ಏನು ಬರೆದಿದೆ ನೋಡು ಎಂದಳು. ಮಗಳ ಶಾಲೆಗೆ ಬಂದ ವೈದ್ಯರು ಕೊಟ್ಟ ಚೀಟಿ. ಕಿವಿಯ ತಜ್ಞರಿಗೆ ತೋರಿಸಬೇಕೆಂದು ಬರೆದಿತ್ತು. ತಾರೀಖು ನಾಲ್ಕು ತಿಂಗಳ ಹಿಂದಿನದು. ಬೀದರಿಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಅಲ್ಲಿ ಯಾರನ್ನು ಕೇಳಬೇಕೋ ತಿಳಿಯದು, ರಾಶಿ ಮುಗಿಯಲೆಂದು ತಡೆದಿದ್ದೇನೆ ಎಂದಳು. ಹುಡುಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಕರೆದರೂ ತಿರುಗಲಿಲ್ಲ.

ಚೀಟಿಯ ಹಿಂಬದಿಗೆ ದೊಡ್ಡ ಅಕ್ಷರಗಳಲ್ಲಿ ಆಸ್ಪತ್ರೆಯ ಹೆಸರನ್ನೂ, ಕಿವಿಯ ವಿಭಾಗವೆಂದೂ, ನನ್ನ ಫೋನ್ ಸಂಖ್ಯೆಯನ್ನೂ ಬರೆದುಕೊಟ್ಟೆ. ಮುಂದಿನ ಸೋಮವಾರ ನಾನೂ ಬೀದರಿನ ಬಸ್ಸು ಹತ್ತಿದೆ. ಒಂದು ದಿನದ ರಜೆಯ ಹೊರತು ಅದರಿಂದ ನನಗೆ ಏನೂ ನಷ್ಟವಾಗಲಿಲ್ಲ.