ಅಂತರ್ಜಾಲದ ಶಾನುಭೋಗ ಜಾನ್ ಪೋಸ್ಟೆಲ್

ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದ ತೆಂಗು ಬೆಳೆಗಾರರೊಬ್ಬರು ತಿಪಟೂರು ಮಾರುಕಟ್ಟೆಯ ಕೊಬ್ಬರಿ ದರ ತಿಳಿಯಲು ಮೊಬೈಲಿನಲ್ಲಿ ಸರ್ಕಾರಿ ಜಾಲತಾಣವೊಂದರ ವಿಳಾಸ ಬರೆಯುತ್ತಾರೆ ಎಂದಿಟ್ಟುಕೊಳ್ಳೋಣ. ವಿಳಾಸದ ತುದಿಯಲ್ಲಿ ಡಾಟ್ ಇನ್ ಎಂದಿರುತ್ತದೆ. ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಗಳಿಂದಲೇ ಹೊರತು ಹೆಸರುಗಳಿಂದಲ್ಲ. ಆದ್ದರಿಂದ ಆ ಹೆಸರಿಗೆ ಸೇರಿದ ಸಂಖ್ಯೆ ಯಾವುದೆಂಬ ವಿಚಾರಣೆ, ಉತ್ತರ ಹತ್ತಿರದಲ್ಲೇ ಸಿಗದಿದ್ದರೆ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿರುವುದು ಒಂದು ಚಿಕ್ಕ ಕಡತ. ಡಾಟ್ ಇನ್ ಬಗ್ಗೆ ಯಾರನ್ನು ಕೇಳಬೇಕು, ಡಾಟ್ ಕಾಂ ಬಗ್ಗೆ ಯಾರನ್ನು ಕೇಳಬೇಕು ಎಂಬಷ್ಟನ್ನೇ ಅದು ಹೇಳುತ್ತದೆ.

ಈ ಕಡತ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಜಗತ್ತಿನ ಸರ್ಕಾರಗಳು ದಶಕಗಳ ಕಾಲ ಕಾದಾಡಿವೆ. ಆದರೆ ಅದಕ್ಕೂ ಮುನ್ನ ಬಹುಕಾಲ ಅದು ಗಡ್ಡ ಬಿಟ್ಟ, ಚಪ್ಪಲಿಯಲ್ಲೇ ಓಡಾಡುವ ಸಂಶೋಧಕರೊಬ್ಬರ ಸುಪರ್ದಿನಲ್ಲಿತ್ತು. ಅವರೇ ಜೊನಾಥನ್ ಬ್ರೂಸ್ ಪೋಸ್ಟೆಲ್.

ಹಳೆಯ ಮೈಸೂರು ಸೀಮೆಯವರಿಗೆ ಅವರ ಕೆಲಸವನ್ನು ತಿಳಿಸಲು ಶಾನುಭೋಗ ಎಂಬ ಒಂದು ಪದ ಸಾಕು. ಹೊಲ ಶಾನುಭೋಗರದ್ದಲ್ಲ, ತೋಟವೂ ಅವರದ್ದಲ್ಲ. ಯಾವುದು ಯಾರದ್ದೆಂಬ ಬರಹ ಮಾತ್ರ ಅವರ ಕೈಯಲ್ಲಿ. ಆ ಬರಹವನ್ನು ಊರು ಒಪ್ಪುವವರೆಗೆ ಅವರ ಮಾತಿಗೆ ತೂಕ. ಇಲ್ಲಿನ ಶಾನುಭೋಗಿಕೆಯನ್ನು 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಕೊನೆಗಾಣಿಸಿತು. ಆ ದಶಕ ಮುಗಿಯುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಮತ್ತೊಂದು ಬಗೆಯ ಶಾನುಭೋಗಿಕೆ ಆರಂಭವಾಗುತ್ತಿತ್ತು.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಅವರು ಓದಿದ ವ್ಯಾನ್ ನೈಸ್ ಪ್ರೌಢಶಾಲೆಯಲ್ಲೇ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಓದಿದ್ದರು. ಮುಂದೆ ಮೂವರೂ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಂದೇ ಕೆಲಸಕ್ಕೆ ಸೇರಿದರು. ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ಕಟ್ಟಲಾಗುತ್ತಿದ್ದ ಅರ್ಪಾನೆಟ್ ಎಂಬ ಜಾಲದ ಮೊದಲ ಸಂದೇಶ 1969ರ ಅಕ್ಟೋಬರ್ 29ರಂದು ಹೊರಟಿದ್ದು ಅಲ್ಲಿಂದಲೇ.

ಜಾಲದ ನಿಯಮಗಳನ್ನು ಚರ್ಚಿಸಲು ಕ್ರಾಕರ್ ಅದೇ ವರ್ಷ ಆರ್‌ಎಫ್‌ಸಿ ಎಂಬ ಟಿಪ್ಪಣಿಗಳ ಸರಣಿ ಆರಂಭಿಸಿದ್ದರು. ಅಭಿಪ್ರಾಯ ಕೋರುವ ಕರಡು ಎಂಬುದೇ ಆ ಹೆಸರಿನ ಅರ್ಥ. ಆಜ್ಞೆ ಹೊರಡಿಸಲು ಅಧಿಕಾರವಿಲ್ಲದ ವಿದ್ಯಾರ್ಥಿಗಳು ಆರಿಸಿಕೊಂಡ ಈ ವಿನಯದ ಹೆಸರು ಮುಂದೆ ಅಂತರ್ಜಾಲದ ಶಾಸನಗಳಿಗೆ ಅಂಟಿಕೊಂಡಿತು. ಅದರ ಸಂಪಾದಕತ್ವ ಪೋಸ್ಟೆಲ್ ಅವರ ಪಾಲಿಗೆ ಬಂತು. ಸಾಯುವವರೆಗೂ ಅವರು ಅದನ್ನು ಬಿಡಲಿಲ್ಲ. ಯಾವ ಸೇವೆಗೆ ಯಾವ ಸಂಖ್ಯೆ ಎಂಬ ಪಟ್ಟಿ ಬರೆದಿಡಲು ಒಬ್ಬರು ಬೇಕಾದಾಗ ಆ ಹೊಣೆಯನ್ನೂ ಅವರೇ ಹೊತ್ತರು. ಯಾರೂ ಬಯಸದ ಗುಮಾಸ್ತಗಿರಿ ಅದಾಗಿತ್ತು. ಅದರಲ್ಲಿ ಅಧಿಕಾರ ಅಡಗಿದೆಯೆಂದು ಆಗ ಯಾರಿಗೂ ಹೊಳೆದಿರಲಾರದು.

1974ರಲ್ಲಿ ಡಾಕ್ಟರೇಟ್ ಪಡೆದ ಅವರು 1977ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಗೆ ಸೇರಿ ಕೊನೆಯವರೆಗೂ ಅಲ್ಲೇ ಉಳಿದರು. ಇಂದಿಗೂ ಅಂತರ್ಜಾಲದ ಬೆನ್ನೆಲುಬಾಗಿರುವ ಐಪಿ ಮತ್ತು ಟಿಸಿಪಿ ನಿಯಮಾವಳಿಗಳ 1981ರ ಪಾಠಗಳು ಅವರ ಸಂಪಾದಕತ್ವದಲ್ಲಿ ಬಂದವು. ಇ-ಮೇಲ್ ರವಾನೆಯ ನಿಯಮವನ್ನು ಅವರು 1982ರಲ್ಲಿ ಬರೆದರು. ಕಳುಹಿಸುವಾಗ ಕಟ್ಟುನಿಟ್ಟಾಗಿರಬೇಕು, ಸ್ವೀಕರಿಸುವಾಗ ಉದಾರವಾಗಿರಬೇಕು ಎಂಬುದು ಅವರು ಯಂತ್ರಗಳಿಗೆ ವಿಧಿಸಿದ ತತ್ವ. ಮನುಷ್ಯರ ನಡುವೆಯೂ ಅವರು ಬಹುಮಟ್ಟಿಗೆ ಹಾಗೆಯೇ ನಡೆದುಕೊಂಡರು.

ಹೆಸರುಗಳ ಸಮಸ್ಯೆ ತಲೆದೋರಿದ್ದು ಯಂತ್ರಗಳ ಸಂಖ್ಯೆ ಬೆಳೆದಾಗ. ಎಲ್ಲ ಯಂತ್ರಗಳ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಬರೆದು ಹಂಚುವುದು ಅಸಾಧ್ಯವಾಯಿತು. ಪೋಸ್ಟೆಲ್ ಅವರ ಸೂಚನೆಯಂತೆ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ 1983ರಲ್ಲಿ ಡೊಮೈನ್ ಹೆಸರುಗಳ ವ್ಯವಸ್ಥೆ ರೂಪಿಸಿದರು. ಮರುವರ್ಷ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಕಾಂ, ಆರ್ಗ್, ಎಜು ಮುಂತಾದ ವಿಭಾಗಗಳನ್ನೂ ದೇಶಗಳಿಗೆ ಎರಡಕ್ಷರದ ಸಂಕೇತಗಳನ್ನೂ ಪ್ರಸ್ತಾಪಿಸಿದರು.

ಯಾವುದು ದೇಶ, ಯಾವುದು ಅಲ್ಲ ಎಂಬ ಪ್ರಶ್ನೆಗೆ ಯುದ್ಧಗಳೇ ನಡೆದಿವೆ. ಪೋಸ್ಟೆಲ್ ಅದನ್ನು ಕೈಯಿಂದ ಮುಟ್ಟಲಿಲ್ಲ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯಲ್ಲಿ ಸಂಕೇತವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ದೇಶ ಯಾವುದೆಂದು ತೀರ್ಮಾನಿಸುವುದು ತಮ್ಮ ಕೆಲಸವಲ್ಲ ಎಂದು 1994ರ ದಾಖಲೆಯಲ್ಲಿ ಸ್ಪಷ್ಟಪಡಿಸಿದರು. ಹೆಸರುಗಳನ್ನು ನೋಡಿಕೊಳ್ಳುವವರು ಅವುಗಳ ಒಡೆಯರಲ್ಲ, ತಮ್ಮ ದೇಶದ ಮತ್ತು ಜಗತ್ತಿನ ಬಳಕೆದಾರರ ಪರವಾಗಿ ನಿಂತ ಧರ್ಮದರ್ಶಿಗಳು ಎಂಬುದನ್ನೂ ಅಲ್ಲೇ ಬರೆದರು. ಪೋಸ್ಟೆಲ್ ಅವರ ಎಲ್ಲ ನಿರ್ಧಾರಗಳಲ್ಲಿ ಇದೇ ಹೆಚ್ಚು ವಿವೇಕದ್ದು. ಪ್ಯಾಲೆಸ್ಟೀನ್‌ಗೆ ಎರಡಕ್ಷರ ದೊರೆತದ್ದು 1999ರಲ್ಲಿ ಅದರ ಸಂಕೇತ ಆ ಪಟ್ಟಿಗೆ ಸೇರಿದ ಮೇಲೆ; ಆಗ ಪೋಸ್ಟೆಲ್ ಇರಲಿಲ್ಲ, ಅವರ ನಿಯಮ ಇತ್ತು.

ಭಾರತಕ್ಕೆ ಡಾಟ್ ಇನ್ ಬಂದದ್ದು 1989ರ ಮೇ ತಿಂಗಳಲ್ಲಿ. ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಅಂತರ್ಜಾಲ ಒದಗಿಸಿದ್ದು 1995ರ ಆಗಸ್ಟ್ 15ರಂದು. ಅಂದರೆ ಹೆಸರು ಸಂಪರ್ಕಕ್ಕಿಂತ ಆರು ವರ್ಷ ಮೊದಲೇ ಬಂದಿತ್ತು. ಆರಂಭದಲ್ಲಿ ಅದನ್ನು ನೋಡಿಕೊಂಡದ್ದು ಮುಂಬಯಿಯ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿ. ಸಂಶೋಧಕರ ನಡುವಿನ ನಂಬಿಕೆಯ ಮೇಲೆ ವ್ಯವಹಾರ ನಡೆಯುತ್ತಿದ್ದ ಕಾಲ ಅದು.

ಹಣ ಬಂದಾಗ ಆ ಕಾಲ ಮುಗಿಯಿತು. ಹೆಸರು ನೋಂದಣಿಯ ಗುತ್ತಿಗೆ 1993ರಲ್ಲಿ ನೆಟ್‌ವರ್ಕ್ ಸಲ್ಯೂಷನ್ಸ್ ಎಂಬ ಖಾಸಗಿ ಕಂಪನಿಗೆ ಹೋಯಿತು. 1995ರಲ್ಲಿ ಆ ಕಂಪನಿ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ವಿಧಿಸತೊಡಗಿತು. ಡಾಟ್ ಕಾಂ ಮೇಲಿನ ಈ ಏಕಸ್ವಾಮ್ಯಕ್ಕೆ ಪರಿಹಾರವಾಗಿ ಹೊಸ ವಿಭಾಗಗಳನ್ನು ತೆರೆಯಬೇಕೆಂದು ಪೋಸ್ಟೆಲ್ ಬಯಸಿದರು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಗಳನ್ನು ಸೇರಿಸಿಕೊಂಡು ಸಿದ್ಧವಾದ ಏಳು ಹೊಸ ವಿಭಾಗಗಳ ಒಪ್ಪಂದಕ್ಕೆ 1997ರ ಮೇ 1ರಂದು ಜಿನೀವಾದಲ್ಲಿ ಸಹಿ ಬಿತ್ತು. ಅಮೆರಿಕ ಸರ್ಕಾರ ಇದನ್ನು ಒಪ್ಪಲಿಲ್ಲ. ತಾನು ಹಣ ಹಾಕಿ ಬೆಳೆಸಿದ ಜಾಲದ ಕಡತ ಜಿನೀವಾಕ್ಕೆ ಹೋಗುವುದು ಅದಕ್ಕೆ ಬೇಕಿರಲಿಲ್ಲ.

1998ರ ಜನವರಿ 28ರಂದು ಪೋಸ್ಟೆಲ್ ಒಂದು ಇ-ಮೇಲ್ ಕಳುಹಿಸಿದರು. ಮೂಲ ಕಡತದ ಪ್ರತಿಗಳನ್ನಿಟ್ಟುಕೊಂಡು ಜಗತ್ತಿಗೆ ಉತ್ತರಿಸುವ ಮೂಲ ಸರ್ವರ್‌ಗಳನ್ನು ಆಗ ಹನ್ನೆರಡು ಸಂಸ್ಥೆಗಳು ನಡೆಸುತ್ತಿದ್ದವು. ಅವುಗಳಲ್ಲಿ ಎಂಟಕ್ಕೆ ಪೋಸ್ಟೆಲ್ ಕೇಳಿಕೊಂಡದ್ದು ಇಷ್ಟೇ: ಪ್ರತಿಯನ್ನು ಇನ್ನು ನೆಟ್‌ವರ್ಕ್ ಸಲ್ಯೂಷನ್ಸ್‌ನ ಯಂತ್ರದಿಂದಲ್ಲ, ತಮ್ಮ ಸಂಸ್ಥೆಯ ಯಂತ್ರದಿಂದ ಪಡೆಯಬೇಕು. ಎಂಟೂ ಒಪ್ಪಿದವು. ಉಳಿದ ನಾಲ್ಕು ಅಮೆರಿಕದ ಸೇನೆ, ನಾಸಾ ಮತ್ತು ಆ ಕಂಪನಿಯ ಕೈಯಲ್ಲಿದ್ದವು. ಎರಡೂ ಕಡೆಯ ಕಡತದಲ್ಲಿ ಇದ್ದದ್ದು ಒಂದೇ ಬರಹವಾದ್ದರಿಂದ ಬಳಕೆದಾರರಿಗೆ ಏನೂ ತಿಳಿಯಲಿಲ್ಲ. ಆದರೆ ಅಧಿಕಾರ ಇಬ್ಭಾಗವಾಗಿತ್ತು.

ಅಧ್ಯಕ್ಷ ಕ್ಲಿಂಟನ್ ಅವರ ಸಲಹೆಗಾರ ಐರಾ ಮ್ಯಾಗಜಿನರ್ ಇದನ್ನು ಕೂಡಲೇ ನಿಲ್ಲಿಸಬೇಕೆಂದು ಪಟ್ಟುಹಿಡಿದರು. ವಾರದೊಳಗೆ ಎಲ್ಲವೂ ಮೊದಲಿನಂತಾಯಿತು. ಅದು ಕೇವಲ ತಾಂತ್ರಿಕ ಪರೀಕ್ಷೆ ಎಂದು ಪೋಸ್ಟೆಲ್ ವಿವರಿಸಿದರು. ಹೊಸ ಆಡಳಿತಕ್ಕೆ ಹಸ್ತಾಂತರಿಸಲು ಅಂಥ ಪರೀಕ್ಷೆ ಬೇಕಿತ್ತೆಂಬುದು ನಿಜ. ಆದರೆ ಅಮೆರಿಕ ತನ್ನ ಕರಡು ನೀತಿಯನ್ನು ಪ್ರಕಟಿಸಿದ್ದು ಜನವರಿ 30ರಂದು ಎಂಬುದನ್ನು ನೆನೆದರೆ, ಪರೀಕ್ಷೆಗೊಳಗಾದದ್ದು ಯಂತ್ರಗಳಷ್ಟೇ ಎಂದು ನಂಬುವುದು ಕಷ್ಟ. ಕಾನೂನಿನ ಯಾವ ಬಲವೂ ಇಲ್ಲದ ವ್ಯಕ್ತಿಯ ಮಾತನ್ನು ಎಂಟು ಸಂಸ್ಥೆಗಳು ಪ್ರಶ್ನಿಸದೆ ನಡೆಸಿಕೊಟ್ಟವು. ಅದೇ ವ್ಯಕ್ತಿಯ ಸಂಸ್ಥೆ ಅಮೆರಿಕ ಸರ್ಕಾರದ ಗುತ್ತಿಗೆಯಿಂದ ನಡೆಯುತ್ತಿದ್ದುದರಿಂದ ಅವರು ಹಿಂದೆ ಸರಿಯಬೇಕಾಯಿತು. ನಂಬಿಕೆಯ ಶಕ್ತಿಯೂ ಅದರ ಮಿತಿಯೂ ಒಂದೇ ವಾರದಲ್ಲಿ ಬಯಲಾದವು.

ಮುಂದಿನ ತಿಂಗಳುಗಳನ್ನು ಪೋಸ್ಟೆಲ್ ತಮ್ಮ ಕೆಲಸವನ್ನು ವಹಿಸಿಕೊಳ್ಳುವ ಲಾಭರಹಿತ ಸಂಸ್ಥೆಯೊಂದನ್ನು ಕಟ್ಟುವುದರಲ್ಲಿ ಕಳೆದರು. ಐಕ್ಯಾನ್ ಎಂಬ ಆ ಸಂಸ್ಥೆ ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾಯಿತು. ಅಕ್ಟೋಬರ್ 7ರಂದು ಅವರು ಅಮೆರಿಕದ ಸಂಸತ್ ಸಮಿತಿಯ ಮುಂದೆ ಅದರ ಪರವಾಗಿ ಹೇಳಿಕೆ ನೀಡಿದರು. ಒಂಬತ್ತು ದಿನಗಳ ನಂತರ, 1998ರ ಅಕ್ಟೋಬರ್ 16ರಂದು, ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ಬಳಿಕ ಉಂಟಾದ ತೊಡಕಿನಿಂದ ತೀರಿಕೊಂಡರು. ಅವರಿಗೆ 55 ವರ್ಷ. ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಪ್ರಕಟವಾದದ್ದು ಆರ್‌ಎಫ್‌ಸಿ ಸರಣಿಯಲ್ಲೇ, 2468ನೆಯ ಸಂಖ್ಯೆಯಾಗಿ. ಸಂಪಾದಕರೇ ಇಲ್ಲವಾದ ಮೇಲೆ ಅವರ ಸಾವು ಅವರ ಸರಣಿಯಲ್ಲೊಂದು ದಾಖಲೆಯಾಯಿತು.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಕಡತದ ಬದಲಾವಣೆಗೆ ಅಮೆರಿಕದ ವಾಣಿಜ್ಯ ಇಲಾಖೆಯ ಒಪ್ಪಿಗೆ ಬೇಕೆಂಬ ನಿಯಮ ಅನೇಕ ದೇಶಗಳನ್ನು ಕೆರಳಿಸಿತು. 2005ರ ಟ್ಯುನಿಸ್ ಶೃಂಗಸಭೆ ಇದನ್ನು ಬಗೆಹರಿಸಲಾರದೆ ಚರ್ಚೆಗೊಂದು ವಾರ್ಷಿಕ ವೇದಿಕೆ ಕಟ್ಟಿತು. ಅದರ ಮೂರನೆಯ ಸಭೆ ಮುಂಬಯಿ ದಾಳಿಯ ಬೆನ್ನಲ್ಲೇ, 2008ರ ಡಿಸೆಂಬರ್‌ನಲ್ಲಿ ಹೈದರಾಬಾದಿನಲ್ಲಿ ಸೇರಿತು. ಭಾರತ 2011ರಲ್ಲಿ ವಿಶ್ವಸಂಸ್ಥೆಯಡಿ ಸರ್ಕಾರಗಳ ಸಮಿತಿಯೊಂದು ಬೇಕೆಂದು ವಾದಿಸಿತು. 2015ರ ಹೊತ್ತಿಗೆ ಸರ್ಕಾರ, ಉದ್ಯಮ, ತಂತ್ರಜ್ಞರು, ಬಳಕೆದಾರರು ಎಲ್ಲರೂ ಕೂಡಿ ನಡೆಸುವ ಕ್ರಮದ ಕಡೆಗೆ ಹೊರಳಿತು. ಅಮೆರಿಕದ ಗುತ್ತಿಗೆ ಕೊನೆಗೊಂಡದ್ದು 2016ರ ಅಕ್ಟೋಬರ್ 1ರಂದು, ಪೋಸ್ಟೆಲ್ ತೀರಿಕೊಂಡು 18 ವರ್ಷಗಳಾಗುತ್ತಿದ್ದಾಗ. ನಂತರದ ಮೊದಲ ಐಕ್ಯಾನ್ ಮಹಾಸಭೆ ನಡೆದದ್ದೂ ಹೈದರಾಬಾದಿನಲ್ಲೇ.

ಪೋಸ್ಟೆಲ್ ಕಾಲದ ಕಡತದಲ್ಲಿ ಜಾಗವಿದ್ದದ್ದು ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ. ಭಾರತ ಎಂಬ ಹೆಸರು ದೇಶೀ ಲಿಪಿಗಳಲ್ಲಿ ಮೊದಲು ಅದನ್ನು ಸೇರಿದಾಗ ಏಳು ಲಿಪಿಗಳಿದ್ದವು. ತೆಲುಗು, ತಮಿಳು ಇದ್ದವು, ಕನ್ನಡ ಇರಲಿಲ್ಲ. ಅದು ಬಂದದ್ದು ಎರಡನೆಯ ಕಂತಿನಲ್ಲಿ. ಇಂಥ ತುದಿ ಹೆಸರುಗಳಿಗೆ ಕನ್ನಡದ ಯಾವ ಅಕ್ಷರಗಳು ಸಲ್ಲುತ್ತವೆ ಎಂಬ ನಿಯಮವನ್ನು ಬ್ರಾಹ್ಮಿ ಮೂಲದ ಒಂಬತ್ತು ಲಿಪಿಗಳಿಗೆಂದು ರಚಿಸಿದ ತಜ್ಞರ ತಂಡ ಬರೆಯಿತು. ಕನ್ನಡದ ರ, ಗ ಅಕ್ಷರಗಳೂ ತೆಲುಗಿನ ಅವೇ ಅಕ್ಷರಗಳೂ ನೋಟಕ್ಕೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಒಂದು ಲಿಪಿಯಲ್ಲಿ ನೀಡಿದ ತುದಿ ಹೆಸರಿನಂತೆಯೇ ಕಾಣುವ ಹೆಸರನ್ನು ಇನ್ನೊಂದು ಲಿಪಿಯಲ್ಲಿ ಬೇರೊಬ್ಬರಿಗೆ ಕೊಡುವಂತಿಲ್ಲ.