ಕಾಡಶೆಟ್ಟಿಹಳ್ಳಿಯ ಹುಡುಗ ಕಟ್ಟಿದ ಸಾಲಿ

ಶ್ರಾವಣ ಬಂತೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಮಠ, ಗುಡಿಗಳಲ್ಲಿ ರಾತ್ರಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಕಥೆ ಹೇಳುತ್ತಾರೆ. ಪಕ್ಕದಲ್ಲಿ ಗವಾಯಿ ಪೇಟಿ ಹಿಡಿದು ಹಾಡುತ್ತಾನೆ, ಮತ್ತೊಬ್ಬ ತಬಲಾ ಬಾರಿಸುತ್ತಾನೆ. ಎಷ್ಟೋ ಸಲ ಹಾಡುವವನಿಗೆ ಕಣ್ಣಿರುವುದಿಲ್ಲ. ಎಲ್ಲಿ ಕಲಿತದ್ದು ಅಂತ ವಿಚಾರಿಸಿದರೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಹೇಳುತ್ತಾನೆ. ಆಶ್ರಮ ಗದಗಿನದು ಖರೆ, ಅದರ ಬೇರು ಮಾತ್ರ ನಮ್ಮ ಹಾನಗಲ್ಲ ತಾಲೂಕಿನದು.

ಕಾಡಶೆಟ್ಟಿಹಳ್ಳಿಯ ಬಡ ಜಂಗಮರ ಮನೆಯಲ್ಲಿ 1892ರಲ್ಲಿ ಒಂದು ಗಂಡು ಕೂಸು ಹುಟ್ಟಿತು. ಹೆಸರು ಗದಿಗೆಯ್ಯ. ಹುಟ್ಟುಕುರುಡು. ಸೋದರ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಆ ಕಾಲದಲ್ಲಿ ಇಂಥ ಮಕ್ಕಳಿಗೆ ಇದ್ದದ್ದು ಎರಡೇ ದಾರಿ: ಮನೆಯ ಮೂಲೆ, ಇಲ್ಲವೆ ಗುಡಿ ಮುಂದಿನ ಕಟ್ಟೆ. ಆದರೆ ಹುಡುಗರ ದನಿ ಚಲೋ ಇತ್ತು. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳ ಕಿವಿಗೆ ಅದು ಬಿತ್ತು. ಸ್ವಾಮಿಗಳು ಮರುಗಿ ಕಾಸು ಕೊಟ್ಟು ಕಳಿಸಲಿಲ್ಲ, ಪಾಠಕ್ಕೆ ಕೂರಿಸಿದರು. ಎಲ್ಲ ಬದಲಾದದ್ದು ಇಲ್ಲಿಯೇ.

1909ರಲ್ಲಿ ಕುಮಾರ ಸ್ವಾಮಿಗಳು ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ ಕಟ್ಟಿದರು. ಮಠಗಳಿಗೆ ಓದಿದ ಸ್ವಾಮಿಗಳು ಬೇಕೆಂದು ತೆರೆದ ಸಾಲಿ ಅದು. ಜೋಳಿಗೆ ಹಾಕಿ ಊರೂರು ತಿರುಗಿ ತಂದ ಕಾಳುಕಡಿಯಲ್ಲಿ ಅಲ್ಲಿನ ಹುಡುಗರ ಊಟ ನಡೆಯುತ್ತಿತ್ತು. ಗದಿಗೆಯ್ಯನ ವಿದ್ಯೆಗೂ ಅದೇ ಜೋಳಿಗೆಯ ಆಸರೆ. ಕರ್ನಾಟಕಿ ಕಲಿತಾಯಿತು. ಮಿರಜದ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಕಲಿತಾಯಿತು. ಪುಸ್ತಕ ನೋಡುವ ಹಾಗಿಲ್ಲ, ಎಲ್ಲ ಕಿವಿಯಿಂದಲೇ. ಎರಡೂ ಪದ್ಧತಿ ಅರಗಿಸಿಕೊಂಡ ಹುಡುಗ ಪಂಚಾಕ್ಷರಿ ಗವಾಯಿ ಆದರು.

ಇಷ್ಟು ಕಲಿತವರು ದರಬಾರು, ಬಿದಾಗಿ ಅಂತ ಹೋಗಬಹುದಿತ್ತು. ಹೋಗಲಿಲ್ಲ. ಮದುವೆಯೂ ಆಗಲಿಲ್ಲ. ತನ್ನಂಥ ಕುರುಡ ಮಕ್ಕಳನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು 1914ರ ಹೊತ್ತಿಗೆ ಸಂಚಾರಿ ಸಂಗೀತ ಪಾಠಶಾಲೆ ನಡೆಸತೊಡಗಿದರು. ಇಂದು ಈ ಊರಿನ ಮಠ, ನಾಳೆ ಆ ಊರಿನ ಜಾತ್ರೆ. ಭಕ್ತರ ಮನೆಯ ರೊಟ್ಟಿಯೇ ವಿದ್ಯಾರ್ಥಿಗಳ ಊಟ. ಜಾತಿ ಕೇಳುವ ಪದ್ಧತಿ ಇರಲಿಲ್ಲ. ಖರ್ಚು ತೂಗಿಸಲು ನಾಟಕ ಕಂಪನಿಯನ್ನೂ ಕಟ್ಟಿದರು. 1930ರಲ್ಲಿ ಗುರು ಕುಮಾರ ಸ್ವಾಮಿಗಳು ತೀರಿಕೊಂಡರು. ಬೆನ್ನ ಹಿಂದಿನ ಆಸರೆ ಹೋಯಿತು, ಸಾಲಿ ಮಾತ್ರ ನಿಲ್ಲಲಿಲ್ಲ. ಮುಂದೆ ಗದಗಿನಲ್ಲಿ ಅದಕ್ಕೆ ಕಾಯಂ ನೆಲೆ ಸಿಕ್ಕಿತು.

ಶಿಷ್ಯರ ವಿಷಯದಲ್ಲಿ ಅವರ ದೊಡ್ಡ ಗುಣ ತಿಳಿಯಬೇಕಾದರೆ ಒಂದು ಸಂಗತಿ ಸಾಕು. ವಿಜಯನಗರ ಸ್ಥಾಪನೆಯ 600ನೇ ವರ್ಷದ ಉತ್ಸವ 1936ರಲ್ಲಿ ಹಂಪಿಯಲ್ಲಿ ಆಯಿತು. ಕುಂದಗೋಳ ತಾಲೂಕಿನ ಯಲಿವಾಳದ ಹುಡುಗ ಬಸವರಾಜ ರಾಜಗುರು ಅಲ್ಲಿ ಮೊದಲ ಕಚೇರಿ ಹಾಡಿದರು. ತಬಲಾಕ್ಕೆ ಕುಳಿತವರು ಸ್ವತಃ ಗುರುಗಳೇ! ನಮ್ಮ ಜಿಲ್ಲೆಯ ದೇವಗಿರಿಯ ಪುಟ್ಟರಾಜರು ಕೂಸಿದ್ದಾಗಲೇ ಕಣ್ಣು ಕಳೆದುಕೊಂಡು ಇವರ ಮಡಿಲಿಗೆ ಬಂದವರು. 1944ರ ಜೂನ್ 11ರಂದು ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊರೆ ಹೊತ್ತವರು ಅವರೇ. 2010ರವರೆಗೆ, ಕಡೇ ಉಸಿರಿನ ತನಕ ಹೊತ್ತರು. ಈಗ ಆಶ್ರಮಕ್ಕೆ ಹೋಗುವವರು ಇಬ್ಬರ ಗದ್ದುಗೆಗೂ ಕೈ ಮುಗಿದು ಬರುತ್ತಾರೆ.

ಕಾಯಿ ಒಡೆದು ಬರುವುದು ಸುಲಭ. ಗವಾಯಿಗಳ ಬಾಳು ಹೇಳುವ ಮಾತು ಬೇರೆ ಇದೆ. ನಮ್ಮ ಹಳ್ಳಿಗಳಲ್ಲಿ ಕಣ್ಣಿಲ್ಲದ ಮಕ್ಕಳು ಇಂದಿಗೂ ಹುಟ್ಟುತ್ತಾರೆ. ನಾಲ್ಕು ಜನರೆದುರು ತರಲು ನಾಚಿ ಅವರನ್ನು ಒಳಮನೆಯಲ್ಲಿ ಇಡುವ ಹಿರಿಯರೂ ಇದ್ದಾರೆ. ಅಂಥವರು ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನನ್ನು ನೆನೆಯಲಿ. ಕೂಸನ್ನು ಮೊದಲು ಸಾಲಿಗೆ ಕಳಿಸಲಿ, ಗದ್ದುಗೆಗೆ ಕಾಯಿ ಆಮೇಲೆ ಒಡೆಯಬಹುದು.