ಕ್ಷಯದ ಗುಳಿಗೆಯೂ ಡೋಮಾಕ್ ಮಹಾಶಯರೂ

ಹತ್ತು ಮಂದಿ ಒಂದೇ ಕೋಣೆಯಲ್ಲಿ ಮಲಗಿ ಏಳುವ ನಮ್ಮ ಹೋಟೆಲು ಬಂಧುಗಳಿಗೆ ಕ್ಷಯರೋಗದ ಭಯವೇನೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಆ ಭಯವನ್ನು ತಗ್ಗಿಸಿದ ಮಹನೀಯರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೋಮಾಕರು ಒಬ್ಬರು.

ಇವರು 1895ರ ಅಕ್ಟೋಬರ್ 30ರಂದು ಲಾಗೋ ಎಂಬ ಸಣ್ಣ ಊರಿನಲ್ಲಿ ಉಪಾಧ್ಯಾಯರೊಬ್ಬರ ಮಗನಾಗಿ ಜನಿಸಿದರು. ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ 1914ರ ಯುದ್ಧಕ್ಕೆ ಹೋಗಿ ಗಾಯಗೊಂಡರು. ಬಳಿಕ ಸೇನೆಯ ಆಸ್ಪತ್ರೆಗಳಲ್ಲಿ ದುಡಿಯುತ್ತ, ಶಸ್ತ್ರಚಿಕಿತ್ಸೆಯಿಂದ ಬದುಕಿದವರೂ ಗಾಯ ಕೀತು ಸಾಯುವುದನ್ನು ಕಣ್ಣಾರೆ ಕಂಡರು. 1927ರಲ್ಲಿ ಬೇಯರ್ ಕಂಪೆನಿಯ ಪ್ರಯೋಗಶಾಲೆಯನ್ನು ಸೇರಿ, 1932ರಲ್ಲಿ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣವು ಕೀವಿನ ರೋಗಾಣುಗಳಿಂದ ಇಲಿಗಳನ್ನು ಉಳಿಸುವುದೆಂದು ಕಂಡುಹಿಡಿದರು. ಸ್ವಂತ ಮಗಳ ಕೈಗೆ ಸೂಜಿ ಚುಚ್ಚಿ ನಂಜೇರಿ, ತೋಳು ಕತ್ತರಿಸುವ ಮಾತು ಬಂದಾಗ ಅದನ್ನೇ ಕೊಟ್ಟು ಬದುಕಿಸಿಕೊಂಡರು.

1939ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಹಿಟ್ಲರನ ಪೋಲೀಸರು ಅವರನ್ನು ಸೆರೆಹಿಡಿದು, ಬಹುಮಾನವನ್ನು ನಿರಾಕರಿಸುವಂತೆ ಮಾಡಿದರು. 1947ರಲ್ಲಿ ಪದಕವೇನೋ ಕೈಸೇರಿತು, ಹಣ ಮಾತ್ರ ಸಿಗಲಿಲ್ಲ.

ಯುದ್ಧಾನಂತರ ಅವರು ಕ್ಷಯದ ಬೆನ್ನು ಹತ್ತಿದರು. ಈ ರೋಗಾಣು ಬಲು ಕಪಟಿ. ಪೆನಿಸಿಲಿನ್ನನ್ನು ಒಡೆದುಹಾಕುವ ಕಿಣ್ವವೊಂದು ಅದರ ಬಳಿ ಹುಟ್ಟಿನಿಂದಲೇ ಇದೆ. 1952ರಲ್ಲಿ ಐಸೋನಿಯಾಜಿಡ್ ಗುಳಿಗೆ ಬೆಳಕಿಗೆ ಬಂದಿತು. ಡೋಮಾಕರ ತಂಡವಲ್ಲದೆ ಅಮೆರಿಕದ ಎರಡು ಕಂಪೆನಿಗಳೂ ಅದೇ ವೇಳೆಗೆ ಅದನ್ನು ಕಂಡುಕೊಂಡಿದ್ದವು. ಅಗ್ಗದ ಗುಳಿಗೆ! ರೋಗಿಯನ್ನು ಮನೆಯಲ್ಲಿಟ್ಟುಕೊಂಡೇ ಇದನ್ನೂ ಇನ್ನೊಂದು ಔಷಧವನ್ನೂ ಕೊಟ್ಟರೆ ಆರೋಗ್ಯಧಾಮದಲ್ಲಾಗುವಷ್ಟೇ ಗುಣವಾಗುವುದೆಂದು 1959ರಲ್ಲಿ ತೋರಿಸಿದ್ದು ನಮ್ಮ ಮದರಾಸಿನ ಕೇಂದ್ರ.

ಆದರೆ ಇದನ್ನೊಂದನ್ನೇ ಕೊಟ್ಟ ಕಡೆಗಳಲ್ಲಿ ಕೆಲವೇ ತಿಂಗಳಲ್ಲಿ ಗುಳಿಗೆ ನಾಟದಂತಾಯಿತು. ಕಾರಣ ವಿಚಿತ್ರವಾಗಿದೆ. ಈ ಗುಳಿಗೆ ತಾನಾಗಿ ವಿಷವಲ್ಲ. ರೋಗಾಣುವಿನ ಒಳಗಿರುವ ಕ್ಯಾಟಲೇಸ್ ಎಂಬ ಕಿಣ್ವವೇ ಅದನ್ನು ವಿಷವಾಗಿ ಮಾರ್ಪಡಿಸುತ್ತದೆ. ಆಗ ರೋಗಾಣುವಿನ ಮೇಣದಂಥ ಹೊರಗೋಡೆಯ ಕೆಲಸ ನಿಂತು ಅದು ಸಾಯುತ್ತದೆ. ಕೋಟಿಗಟ್ಟಲೆ ರೋಗಾಣುಗಳ ನಡುವೆ ಎಲ್ಲೋ ಕೆಲವಕ್ಕೆ ಆ ಕಿಣ್ವ ಹುಟ್ಟಿನಲ್ಲೇ ಕೆಟ್ಟಿರುತ್ತದೆ. ಮಿಕ್ಕವು ಸತ್ತರೂ ಅವು ಉಳಿದು ಸಂತಾನ ಬೆಳೆಸುತ್ತವೆ. ಬೇರೆ ಬೇರೆ ರೀತಿಯಲ್ಲಿ ಕೊಲ್ಲುವ ಔಷಧಗಳನ್ನು ಒಟ್ಟಿಗೆ ಕೊಡುವುದು ಇದಕ್ಕಾಗಿಯೇ. ಎರಡು ತಿಂಗಳಲ್ಲಿ ಮೈ ತುಂಬಿತೆಂದು ಗುಳಿಗೆ ಬಿಟ್ಟು ಗಲ್ಲಾದ ಮುಂದೆ ಕುಳಿತವರನ್ನು ನಾವು ಕಂಡಿದ್ದೇವೆ. ಅವರಲ್ಲಿ ಒಬ್ಬಿಬ್ಬರು ಮರುವರ್ಷ ಪುನಃ ಹಾಸಿಗೆ ಹಿಡಿದರು.

ಕಿಣ್ವ ನಷ್ಟವಾದ ರೋಗಾಣುಗಳ ಸುದ್ದಿ 1954ರಲ್ಲೇ ಹೊರಬಿದ್ದಿತ್ತು. ಡೋಮಾಕರು 1964ರ ಏಪ್ರಿಲ್ 24ರಂದು ತೀರಿಕೊಂಡರು. ಆ ಕಿಣ್ವದ ಜೀನು ಪತ್ತೆಯಾದದ್ದು ಮತ್ತೂ 28 ವರ್ಷಗಳ ಅನಂತರ, 1992ರಲ್ಲಿ.